ಸುಬೇದಾರನಿಗೊಂದು ಆನೆ ಇಲ್ಲದ ಊರು

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಏಳನೆಯ ಕ್ಲಾಸು. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರಿಕೆಯಿಂದ ಸಿದ್ದಾಪುರದ ಕಡೆಗೆ ಕರಿಮೆಣಸು ಕೊಯ್ಯಲು ಹೊರಟಿದ್ದ ಜೀಪಿನಲ್ಲಿ ಒಂದು ಜಾಗ ಖಾಲಿ ಇತ್ತು, ಹತ್ತಿ ಕುಳಿತೆ. ಅಂದಿನಿಂದ ಮರ ಹತ್ತಿ, ಏಣಿ ಹೊತ್ತು, ನನ್ನದೇ ಒಂದು ತೋಟ ಮಾಡಿಕೊಂಡೆ. ಯಾರ ಮನೆ ಬಾಗಿಲಲ್ಲೂ ನಿಂತು ಏನನ್ನೂ ಕೇಳಿದವನಲ್ಲ. ಪ್ರವಾಸ ಮಾಡಿ ಬಂದು ಬರೆಯುವವರು ಕಾಶಿ, ಹಿಮಾಲಯ, ದುಬೈ ಎಂದೆಲ್ಲ ಬರೆಯುತ್ತಾರೆ. ನಾನು ಹೋದದ್ದು ನಮ್ಮದೇ ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ. ಆದರೆ ಕೈಯಲ್ಲಿ ಒಂದು ನಾಯಿ ಹಿಡಿದುಕೊಂಡು, ಇದನ್ನು ಇಟ್ಟುಕೊಳ್ಳುತ್ತೀರಾ ಎಂದು ಮನೆಮನೆಯಲ್ಲಿ ಕೇಳಿಕೊಂಡು ಹೋದೆ. ಹಿಮಾಲಯ ಹತ್ತಿದವರಿಗೂ ಇಷ್ಟು ಏದುಸಿರು ಬಂದಿರಲಿಕ್ಕಿಲ್ಲ.

ನಾಯಿಯ ಹೆಸರು ಸುಬೇದಾರ. ಹೆಸರಿಟ್ಟದ್ದು ನಾನಲ್ಲ. ಪಕ್ಕದ ಎಸ್ಟೇಟಿನವರು ಮೈಸೂರಿಗೆ ಮನೆ ಬದಲಿಸುವಾಗ ಬೆಲ್ಟು, ಚೈನು, ಹೆಸರು ಎಲ್ಲ ಸೇರಿಸಿ ನನಗೆ ಕೊಟ್ಟು ಹೋದರು. ತಂದೆ ಅಲ್ಸೇಷನ್, ತಾಯಿ ಅವರ ಕೂಲಿಯಾಳುಗಳ ಲೈನ್‌ಮನೆಯ ನಾಯಿ. ಎತ್ತರ ತಂದೆಯದು, ಹೊಟ್ಟೆ ತಾಯಿಯದು. ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ಕಾವಲಾಗಲಿ ಎಂದು ಇಟ್ಟುಕೊಂಡೆ. ಕಳ್ಳರ ಬಗ್ಗೆ ಅದಕ್ಕೆ ಯಾವ ದ್ವೇಷವೂ ಇರಲಿಲ್ಲ. ಯಾರು ಬಂದರೂ ಬಾಲ ಅಲ್ಲಾಡಿಸುತ್ತಿತ್ತು. ಅದರ ದ್ವೇಷವೆಲ್ಲ ಆನೆಯ ಮೇಲೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ದೂರದವರಿಗಾಗಿ ಬರೆಯುತ್ತೇನೆ. ನಮ್ಮ ತೋಟಗಳಲ್ಲಿ ಆನೆ ಇದೆ. ಅದರಷ್ಟಕ್ಕೆ ಅದು ಬರುತ್ತದೆ, ಬಾಳೆ ತಿನ್ನುತ್ತದೆ, ಬೇಲಿ ಮುರಿಯುತ್ತದೆ, ಹೋಗುತ್ತದೆ. ನಮ್ಮಷ್ಟಕ್ಕೆ ನಾವು ದೂರ ಇರುತ್ತೇವೆ. ಸುಬೇದಾರ ಮಾತ್ರ ಆನೆಯ ವಾಸನೆ ಬಂದ ಕೂಡಲೇ ಅದು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಕಾಲಿನ ಹತ್ತಿರ ನಿಂತು ಬೊಗಳುತ್ತದೆ. ಆನೆಗೆ ಸಿಟ್ಟು ಬಂದು ತಿರುಗಿದರೆ, ಸುಬೇದಾರನ ಶೌರ್ಯ ಅಲ್ಲಿಗೆ ಮುಗಿಯಿತು. ಬಾಲ ಮಡಚಿ ನೇರ ನನ್ನ ಹತ್ತಿರ ಓಡಿ ಬಂದು ನನ್ನ ಕಾಲಸಂದಿಯಲ್ಲಿ ತಲೆ ತೂರಿಸುತ್ತದೆ. ಹಿಂದೆಯೇ ಆನೆ.

ಮೊದಲೆರಡು ಸಲ ನಾನೊಬ್ಬನೇ ಓಡಿದ್ದರಿಂದ ಊರಿಗೆ ಸುದ್ದಿಯಾಗಲಿಲ್ಲ. ಮೂರನೆಯ ಸಲ ಕಾಫಿ ಪಿಕ್ಕಿಂಗ್ ನಡೆಯುತ್ತಿತ್ತು. ಹಳ್ಳದ ಕಡೆ ಬೊಗಳಿದ ಸದ್ದು ಕೇಳಿ ನಾನು "ಓಡಿ" ಎಂದು ಕೂಗುವಷ್ಟರಲ್ಲಿ ಸುಬೇದಾರ ಗಿಡಗಳ ಸಾಲಿನಲ್ಲಿ ನುಗ್ಗಿ ಬಂದ, ಹಿಂದೆ ಒಂಟಿ ಸಲಗ. ಕೊಯ್ಯುವವರೆಲ್ಲ ಚೀಲ ಬಿಸಾಡಿ ಗೋಡೌನಿನ ಅಟ್ಟ ಹತ್ತಿದರು. ನನ್ನ ಹೆಂಡತಿ ರುಕ್ಮಿಣಿ ಅವರಿಗೆಲ್ಲ ಚಹಾ ತರುತ್ತಿದ್ದವಳು ಕೆಟಲ್ ಸಮೇತ ಅಟ್ಟ ಹತ್ತಿದಳು. ಒಂದು ಹನಿ ಚೆಲ್ಲಲಿಲ್ಲ ಎಂದು ಈಗಲೂ ಹೇಳುತ್ತಾಳೆ. ಯಾರಿಗೂ ಪೆಟ್ಟಾಗಲಿಲ್ಲ. ಆನೆ ಒಂದು ಚೀಲ ಕಾಫಿಯ ಮೇಲೆ ನಿಂತು, ಸುತ್ತ ನೋಡಿ, ಹೋಯಿತು.

ಕೊಯ್ಯುವ ಗುಂಪಿನ ಮುಖಂಡಿ ಪಳನಿಯಮ್ಮ. ಅಟ್ಟದಿಂದ ಇಳಿದವಳೇ ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಅಣ್ಣಾ, ಆನೆ ಇರೋ ತೋಟಕ್ಕೆ ಬರ್ತೀವಿ. ಅದು ನಮ್ಮ ಹಣೆಬರಹ. ಆನೆನ ಮನೆಗೆ ಕರ್ಕೊಂಡು ಬರೋ ನಾಯಿ ಇರೋ ತೋಟಕ್ಕೆ ಬರಲ್ಲ. ಮಂಗಳವಾರದ ಒಳಗೆ ಅದು ಹೋಗ್ಬೇಕು, ಅಲ್ಲೀವರೆಗೆ ಕೊಯ್ಯಲ್ಲ. ಇಲ್ಲಾಂದ್ರೆ ನಾವು ಬೇರೆ ಎಸ್ಟೇಟ್ ನೋಡ್ಕೊಳ್ತೀವಿ."

ಜನವರಿ ತಿಂಗಳು. ಗಿಡದಲ್ಲಿ ಹಣ್ಣು ಕಪ್ಪಾಗುತ್ತಿತ್ತು. ಈ ಗುಂಪು ಹೋದರೆ ಇನ್ನೊಂದು ಸಿಗುವುದಿಲ್ಲ. ಕೆಳಗಿನ ತೋಟದವರು ತಮ್ಮ ಕೋವಿ ತೋರಿಸಿ, "ಒಂದು ಗುಂಡಿನ ಕೆಲಸ, ನಿಂಗೆ ಮನಸ್ಸು ಬಾರದಿದ್ರೆ ನಾನು ಮಾಡ್ತೇನೆ" ಎಂದರು. ಇನ್ನೊಬ್ಬರು, "ಚೆಕ್‌ಪೋಸ್ಟಿನ ಹತ್ತಿರ ಬಿಟ್ಟು ಬಾ, ಲಾರಿಯವರು ಬಿಸ್ಕತ್ತು ಹಾಕ್ತಾರೆ" ಎಂದರು. ಎರಡೂ ನನ್ನಿಂದ ಆಗದ ಕೆಲಸ. ಕೈಯಾರೆ ಅನ್ನ ಹಾಕಿದ ಪ್ರಾಣಿಯನ್ನು ಮನೆ ನೋಡಿ ಕೊಡಬೇಕು, ದಾರಿ ನೋಡಿ ಬಿಡಬಾರದು. ಸುಳ್ಳು ಹೇಳಿಯೂ ಕೊಡಬಾರದು. ಹಸು ಮಾರುವಾಗ ಒದೆಯುವ ಹಸುವನ್ನು ಒದೆಯುತ್ತದೆ ಎಂದೇ ಹೇಳಿ ಮಾರಿದವನು ನಾನು.

ಶುಕ್ರವಾರ ಬೆಳಗ್ಗೆ ಹೊರಟೆ. ಜೀಪು ಕೊಯ್ದಿಟ್ಟ ಕಾಫಿ ಹೊರಲು ಬೇಕು, ಆದ್ದರಿಂದ ಬಸ್ಸು. ಮಂಜು ದಟ್ಟವಾಗಿತ್ತು. ರುಕ್ಮಿಣಿ ಒಂದು ಗೋಣಿಚೀಲ ತಂದು ಕೊಟ್ಟಳು.

"ಇದು ಎಂಥಕ್ಕೆ?" ಎಂದೆ.

"ಅದ್ರ ತಲೆಗೆ ಹಾಕಿ. ದಾರಿ ಕಂಡ್ರೆ ವಾಪಸ್ ಬರ್ತದೆ. ಅದ್ರ ಜೊತೆ ಇನ್ನು ಯಾವ ಯಾವ ಊರಿನ ಆನೆ ಬರ್ತದೋ."

ಸಿದ್ದಾಪುರದಲ್ಲಿ ವಿರಾಜಪೇಟೆಯ ಖಾಸಗಿ ಬಸ್ಸು ಹತ್ತಿದೆವು. ಹದಿನೇಳು ಹದಿನೆಂಟು ಕಿಲೋಮೀಟರ್ ದಾರಿ. ಹಿಂದಿನ ಸೀಟಿನಲ್ಲಿ ನಾನು, ಕಾಲ ಬಳಿ ಸುಬೇದಾರ, ಅದರ ತಲೆಯ ಮೇಲೆ ಗೋಣಿಚೀಲ. ಕಂಡಕ್ಟರ್ ಬಂದು ಚೀಲ ಎತ್ತಿ ನೋಡಿದ. ಒಳಗಿನಿಂದ ಎರಡು ಕಣ್ಣು ಅವನನ್ನು ನೋಡಿದವು.

"ಇದನ್ನು ಲಗೇಜ್ ಅಂತ ಹಾಕ್ಲಾ, ಪ್ಯಾಸೆಂಜರ್ ಅಂತ ಹಾಕ್ಲಾ?"

"ನಿನ್ನ ಇಷ್ಟ."

"ಹೆಸರೆಂಥ?"

"ಸುಬೇದಾರ."

"ಮಿಲಿಟ್ರಿಯವರಿಗೆ ನಮ್ಮ ಬಸ್ಸಲ್ಲಿ ಕನ್ಸೆಷನ್ ಇಲ್ಲ ಮಾರಾಯ್ರೆ," ಎಂದು ಅರ್ಧ ಟಿಕೆಟ್ ಹರಿದು ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಹರಡಿದ್ದರು, ಎಲ್ಲರ ತೋಟದಲ್ಲೂ ಕೊಯ್ಲು ನಡೆಯುತ್ತಿತ್ತು, ನನ್ನದೊಂದು ಬಿಟ್ಟು. ಅಮ್ಮತ್ತಿ ದಾಟಿದ ಮೇಲೆ ಸುಬೇದಾರ ಚೀಲದೊಳಗೇ ವಾಂತಿ ಮಾಡಿದ. ಆನೆಗೆ ಹೆದರದವನು ತಿರುವಿಗೆ ಸೋತ. ಚೀಲವನ್ನು ವಿರಾಜಪೇಟೆಯ ನಲ್ಲಿಯಲ್ಲಿ ತೊಳೆದು ಹೆಗಲಿಗೆ ಹಾಕಿಕೊಂಡೆ. ಅಲ್ಲಿಂದ ಮುಂದೆ ಅವನು ದಾರಿ ನೋಡಿಕೊಂಡೇ ಬಂದ.

ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ಬಾಳೆಲೆಗೆ ಹೋಗುವಾಗ ಬಿಸಿಲು ಏರಿತ್ತು. ಬಾಳೆಲೆಯಲ್ಲಿ ಪೊನ್ನಪ್ಪ ಇದ್ದಾನೆ. ಅವನ ತೋಟದ ಮೆಣಸನ್ನು ನಾನು ಬಹಳ ವರ್ಷ ಕಂಟ್ರಾಕ್ಟಿಗೆ ಕೊಯ್ದವನು. ಒಂದು ಒಳ್ಳೆಯ ಎತ್ತರದ ನಾಯಿ ಬೇಕು ಎಂದು ಅವನೇ ಹೇಳಿದ್ದ. ಗೇಟಿನಲ್ಲಿ ಕಂಡ ಕೂಡಲೇ, "ಅಬ್ಬಾ, ಏನು ಪರ್ಸನಾಲಿಟಿ!" ಎಂದು ಕುಣಿದ. ಅವನ ತಾಯಿ ಜಗಲಿಯಲ್ಲಿ ಕುಳಿತು ಕನ್ನಡಕದ ಮೇಲಿಂದ ನೋಡಿದರು.

ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ಅಕ್ಕಿತರಿಯ ಆ ಉಂಡೆಯನ್ನು ಹಂದಿಮಾಂಸದ ಕಪ್ಪು ಸಾರಿನಲ್ಲಿ ಅದ್ದಿ ತಿಂದರೆ ನನಗೆ ಮಾತು ಬರುವುದಿಲ್ಲ. ಅದೂ ಅಲ್ಲದೆ ತಿಂದ ಮೇಲೆ ಹೇಳುವುದು ಮೋಸ ಎಂದು ಊಟಕ್ಕೆ ಕೂರುವ ಮೊದಲೇ ಹೇಳಿದೆ.

"ಪೊನ್ನಪ್ಪಾ, ಇದಕ್ಕೆ ಒಂದು ಐಬು ಉಂಟು. ಆನೆ ಕಂಡ್ರೆ ಬೊಗಳ್ತದೆ."

"ಒಳ್ಳೇದಲ್ವಾ?"

"ಬೊಗಳಿ, ಆಮೇಲೆ ಯಜಮಾನನ ಹತ್ರ ಓಡಿ ಬರ್ತದೆ. ಆನೆಯೂ ಬರ್ತದೆ."

ಪೊನ್ನಪ್ಪ ಯೋಚಿಸಿದ. ಹೋದ ವರ್ಷ ಮನೆಯ ಹಿಂದೆ ಎರಡು ರೂಮು ಕಟ್ಟಿಸಿ ಹೋಮ್‌ಸ್ಟೇ ಮಾಡಿದ್ದಾನೆ. ನೋಡನೋಡುತ್ತ ಅವನ ಮುಖ ಅರಳಿತು. "ಹೇ ಚಿನ್ನಪ್ಪಾ, ಬರೋ ಗೆಸ್ಟುಗಳೆಲ್ಲ ಕೇಳೋದು ಒಂದೇ, ಆನೆ ಕಾಣ್ತದಾ ಅಂತ. ಜೀಪಲ್ಲಿ ಕಾಡೆಲ್ಲ ಸುತ್ತಿಸಿದ್ರೂ ಕಾಣಲ್ಲ. ಇದೊಂದಿದ್ರೆ ಆನೆ ಇಲ್ಲಿಗೇ ಬರ್ತದೆ! ಅವ್ರು ಕಾಫಿ ಕುಡೀತಾ ವೆರಾಂಡದಲ್ಲಿ ಕೂತು..."

"ಅವರು ಯಾವ ವೆರಾಂಡದಲ್ಲಿ ಕೂರೋದು?" ಎಂದು ತಾಯಿ ಕೇಳಿದರು. "ಆನೆ ಬಂದು ಹೋದ ಮೇಲೆ ವೆರಾಂಡ ಎಲ್ಲಿರ್ತದೆ?"

"ಅವ್ವಾ, ನೀವು ಸುಮ್ನಿರಿ, ಬಿಸಿನೆಸ್ಸು..."

"ನಿನ್ನ ಗೆಸ್ಟುಗಳು ದುಡ್ಡು ಕೊಟ್ಟು ಓಡ್ತಾರೆ. ನಾನು ಯಾಕೆ ಓಡ್ಬೇಕು? ನನಗೆ ಯಾರು ದುಡ್ಡು ಕೊಡ್ತಾರೆ?" ಅವರು ನನ್ನ ಕಡೆ ತಿರುಗಿದರು. "ಚಿನ್ನಪ್ಪ, ನೀನು ನಿಜ ಹೇಳಿದ್ದಕ್ಕೆ ಇನ್ನೆರಡು ಕಡಂಬುಟ್ಟು ತಿನ್ನು. ಇಲ್ಲಿ ಆನೆ ಮಾತ್ರ ಅಲ್ಲ, ಹುಲಿಯೂ ಉಂಟು. ಇದು ಅದನ್ನೂ ಕರೆದುಕೊಂಡು ಬಂದ್ರೆ ನಾನು ಯಾರಿಗೆ ಅಂತ ಅನ್ನ ಬಡಿಸ್ಲಿ?"

ಅಂದು ಸಂಜೆ ಪಕ್ಕದ ತೋಟದಲ್ಲಿ ಆನೆ ಓಡಿಸಲು ಪಟಾಕಿ ಹೊಡೆದರು. ಸುಬೇದಾರ ಚೈನು ಸಮೇತ ಕಂಬವನ್ನು ಎಳೆಯಲು ಶುರುಮಾಡಿದ. ಪೊನ್ನಪ್ಪನ ತಾಯಿ ಒಳಗಿನಿಂದಲೇ, "ಬೆಳಗ್ಗೆ ಮೊದಲನೇ ಬಸ್ಸು ಬೇಗ ಉಂಟು ಚಿನ್ನಪ್ಪ" ಎಂದರು. ಪೊನ್ನಪ್ಪನಿಗೆ ನಾಚಿಕೆಯಾಗಿ, ಮಡಿಕೇರಿಯ ತನ್ನ ಪರಿಚಯದ ಶಾಮ ಭಟ್ಟರಿಗೆ ಫೋನ್ ಮಾಡಿದ. ನಿವೃತ್ತ ಮೇಷ್ಟ್ರು, ಮನೆಗೆ ಮಂಗಗಳ ಕಾಟ, ನಾಯಿ ಬೇಕಂತೆ. "ಮಡಿಕೇರಿ ಪೇಟೆಯ ನಡುವೆ ಆನೆ ಎಲ್ಲಿಂದ ಬರ್ತದೆ? ಅರಮನೆ ಅಂಗಳದಲ್ಲಿ ಇರೋ ಆನೆಗೂ ಜೀವ ಇಲ್ಲ, ಗಾರೆಯದ್ದು" ಎಂದು ನನಗೆ ಧೈರ್ಯ ಹೇಳಿದ. ನನಗೂ ಸರಿಯೆನಿಸಿತು.

ಶನಿವಾರ ಬಾಳೆಲೆಯಿಂದ ಗೋಣಿಕೊಪ್ಪ, ವಿರಾಜಪೇಟೆ, ಮೂರ್ನಾಡು ದಾರಿಯಾಗಿ ಮಡಿಕೇರಿ. ಹತ್ತುತ್ತ ಹೋದ ಹಾಗೆ ಚಳಿ ಹೆಚ್ಚಿತು. ಬಸ್‌ಸ್ಟ್ಯಾಂಡಿನ ಬಳಿ ಬನ್ನು, ಚಹಾ ತೆಗೆದುಕೊಂಡೆ; ಎರಡು ಬನ್ನಿನಲ್ಲಿ ಒಂದೂವರೆ ಸುಬೇದಾರನಿಗೆ. ಭಟ್ಟರ ಮನೆ ಒಂದು ಏರಿನ ರಸ್ತೆಯಲ್ಲಿದೆ. ಭಟ್ಟರೂ ಅವರ ಹೆಂಡತಿಯೂ ಬಹಳ ಒಳ್ಳೆಯ ಜನ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ನಾಯಿಗೆ ಬಾಳೆ ಎಲೆಯ ಮೇಲೆ ಮೊಸರನ್ನ ಬಡಿಸಿದರು. ನಿನ್ನೆ ತಾನೇ ಹಂದಿಮೂಳೆ ಕಡಿದವನು ಮೊಸರನ್ನವನ್ನು ಎಲೆ ಸಮೇತ ತಿಂದ. ಹುಟ್ಟಿನಿಂದ ಅದನ್ನೇ ತಿಂದು ಬೆಳೆದವನ ಹಾಗೆ ಮೂತಿ ನೆಕ್ಕಿಕೊಂಡ.

"ಸಾತ್ವಿಕ ಸ್ವಭಾವ," ಎಂದರು ಭಟ್ಟರು ಸಂತೋಷದಿಂದ.

ನಾನು ಐಬು ಹೇಳಿದೆ. ಭಟ್ಟರು ನಕ್ಕರು. "ಚಿನ್ನಪ್ಪನವರೇ, ನಲವತ್ತು ವರ್ಷದಿಂದ ಈ ಬೀದಿಯಲ್ಲಿದ್ದೇನೆ. ಇಲ್ಲಿಗೆ ಕೆಇಬಿಯವರೇ ಸರಿಯಾಗಿ ಬರೋದಿಲ್ಲ, ಆನೆ ಬರ್ತದಾ? ಚೈನು ಬಿಚ್ಚಿ, ಮನೆ ಅಭ್ಯಾಸ ಆಗ್ಲಿ."

ಬಿಚ್ಚಿದೆ. ಸುಬೇದಾರ ಗೇಟು ದಾಟಿ ಮೂಸುತ್ತ ಹೋದ. ಭಟ್ಟರ ಹೆಂಡತಿ ನನಗೆ ಎರಡನೆಯ ಲೋಟ ಕಾಫಿ ತಂದರು. ಮನಸ್ಸು ಹಗುರವಾಗಿ ಇನ್ನೇನು ಕುಡಿಯಬೇಕು, ಬೀದಿಯಲ್ಲಿ ಬೊಗಳುವ ಸದ್ದು. ಆನೆ ಇಲ್ಲದ ಊರಿನಲ್ಲಿ ಅವನು ಇನ್ನೇನನ್ನೋ ಹುಡುಕಿಕೊಂಡಿದ್ದ. ಲೋಟ ಕೆಳಗಿಡುವಷ್ಟರಲ್ಲಿ ಸುಬೇದಾರ ಗೇಟಿನಲ್ಲಿ ನುಗ್ಗಿ, ಮೆಟ್ಟಿಲು ಹಾರಿ, ನಡುಮನೆಯಲ್ಲಿ ಕುಳಿತಿದ್ದ ನನ್ನ ಕಾಲಸಂದಿಗೆ ಬಂದು ಸೇರಿದ. ಹಿಂದೆಯೇ ಊರುಗೋಲು ಎತ್ತಿಕೊಂಡು, ದೊಡ್ಡ ಮೀಸೆಯ, ಬೂದುಬಣ್ಣದ ಸ್ವೆಟರಿನ ಒಬ್ಬ ಹಿರಿಯರು.

ಆಮೇಲೆ ತಿಳಿಯಿತು, ಅವರು ಪಕ್ಕದ ಮನೆಯವರು. ಚರಂಡಿ ನೀರಿನ ವಿಷಯಕ್ಕೆ ಭಟ್ಟರಿಗೂ ಅವರಿಗೂ ಮಾತು ಬಿಟ್ಟು ವರ್ಷಗಳಾಗಿತ್ತು. ನಡುಮನೆಯ ಮಧ್ಯೆ ಅವರು, ಈ ಕಡೆ ಭಟ್ಟರು. ಯಾರು ಮೊದಲು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕಡೆಗೆ ಹಿರಿಯರು ಗೋಡೆಯ ಕ್ಯಾಲೆಂಡರನ್ನು ನೋಡಿಕೊಂಡು, "ಈ ನಾಯಿ ಯಾರದ್ದು?" ಎಂದರು.

ಭಟ್ಟರು ಅದೇ ಕ್ಯಾಲೆಂಡರಿಗೆ, "ಇವರದ್ದು" ಎಂದರು.

"ಹೆಸರೇನು ಇದರದ್ದು?"

ನಾನು ಸುಳ್ಳು ಹೇಳುವವನಲ್ಲ. "ಸುಬೇದಾರ," ಎಂದೆ.

ಭಟ್ಟರ ಹೆಂಡತಿ "ಅಯ್ಯೋ ದೇವರೇ" ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಭಟ್ಟರು ಕಣ್ಣು ಮುಚ್ಚಿಕೊಂಡರು. ಆ ಹಿರಿಯರು ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು. ಗೇಟಿನ ಮೇಲೆ ಬೋರ್ಡೂ ಇದೆ, ನಾನು ನೋಡಿರಲಿಲ್ಲ.

"ನನಗೆ ಅಂತ್ಲೇ ಇಟ್ಟ ಹೆಸರಾ, ಭಟ್ರೇ?" ಅವರು ಈಗ ಕ್ಯಾಲೆಂಡರ್ ಬಿಟ್ಟು ನೇರವಾಗಿ ಕೇಳಿದರು. "ದಿನಾ ಬೆಳಗ್ಗೆ ಎದ್ದು 'ಸುಬೇದಾರಾ, ಬಾ, ಮೊಸರನ್ನ ತಿನ್ನು' ಅಂತ ಬೀದಿಗೆ ಕೇಳೋ ಹಾಗೆ ಕರೀಬೇಕು ಅಂತ್ಲಾ?"

"ದೇವರಾಣೆ, ಇದು ಬೆಳಗ್ಗೆ ಬಂದ ನಾಯಿ!"

"ಬೆಳಗ್ಗೆ ಬಂದು ಬೆಳಗ್ಗೆಯೇ ನನ್ನ ಮೇಲೆ ಬಿಟ್ರಾ?"

ನಾನು ಎದ್ದು ನಿಂತು, ಆನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸುಬೇದಾರರು ಗಂಭೀರವಾಗಿ ಕೇಳಿ, ಕೋಲು ಇಳಿಸಿದರು. "ಶತ್ರುವನ್ನು ಹುಡುಕಿ, ಮುಖ್ಯ ಠಾಣೆಗೆ ಕರ್ಕೊಂಡು ಬರೋದು. ಇಂಥವರು ನಮ್ಮ ರೆಜಿಮೆಂಟಲ್ಲೂ ಇಬ್ರು ಇದ್ರು," ಎಂದರು. ಭಟ್ಟರಿಗೆ ನಗು ತಡೆಯಲಾಗಲಿಲ್ಲ. ನಾನು ಹೊರಡುವಾಗ ಇಬ್ಬರೂ ಕುಳಿತು ಕಾಫಿ ಕುಡಿಯುತ್ತಿದ್ದರು, ಚರಂಡಿಯ ವಿಷಯವೂ ಬಂದಿತ್ತು, ದನಿಗಳು ಮತ್ತೆ ಏರುತ್ತಿದ್ದವು. ಭಟ್ಟರು ಬಾಗಿಲವರೆಗೆ ಬಂದು ಕೈ ಮುಗಿದರು. "ನಾಯಿ ಒಳ್ಳೇದು ಚಿನ್ನಪ್ಪನವರೇ. ಆದ್ರೆ ಈ ಬೀದಿಯಲ್ಲಿ ನಾನು ಇನ್ನು ಎಷ್ಟು ಜನರ ಹತ್ರ ಮಾತು ಬಿಟ್ಟಿದ್ದೇನೆ ಅಂತ ನಿಮಗೆ ಗೊತ್ತಿಲ್ಲ. ಎಲ್ಲರನ್ನೂ ಇದು ಕರ್ಕೊಂಡು ಬರ್ತದೆ."

ಬಸ್‌ಸ್ಟ್ಯಾಂಡಿಗೆ ಬಂದು ಕುಳಿತೆ. ಫೋನ್ ಬಂತು, ರುಕ್ಮಿಣಿಯದು.

"ಪಳನಿಯಮ್ಮ ಬಂದಿದ್ಲು. ನಾಯಿ ಹೋಯ್ತಾ ಕೇಳಿದ್ಲು. ಏನು ಹೇಳ್ಲಿ?"

"ಊರು ನೋಡ್ತಾ ಉಂಟು ಅಂತ ಹೇಳು."

"ತಮಾಷೆ ಸಾಕು. ಅವ್ರಿಗೆ ಮಾಲ್ದಾರೆಯ ಎಸ್ಟೇಟಿಂದ ಕರೆ ಬಂದಿದೆಯಂತೆ, ಚೀಲ ಕಟ್ಟಿ ಇಟ್ಟಿದ್ದಾರೆ." ಆಮೇಲೆ ಮೆಲ್ಲನೆ ಹೇಳಿದಳು: "ಕೆಳಗಿನ ತೋಟದವ್ರೂ ಕೋವಿ ಒರೆಸ್ತಾ ಕೂತಿದ್ದಾರೆ. ವಾಪಸ್ ಮಾತ್ರ ತರ್ಬೇಡಿ. ನಿಮ್ಮ ಅಕ್ಕನನ್ನು ಒಂದು ಮಾತು ಕೇಳಿ ನೋಡಿ."

ಅಕ್ಕ ಇರುವುದು ಕರಿಕೆಯಲ್ಲಿ. ಓದು ಬಿಡಬೇಡ ಎಂದು ಜೀಪಿನ ಹಿಂದೆ ಓಡಿ ಬಂದವಳು ಅವಳು. ಅವಳ ಮನೆಗೆ ನಾನು ಹೋಗುವುದು ಕೈತುಂಬ ಸಾಮಾನು ಹಿಡಿದುಕೊಂಡು, ಬೇಡುವುದಕ್ಕೆ ಹೋದವನಲ್ಲ. ಬಸ್‌ಸ್ಟ್ಯಾಂಡಿನ ಆಚೆ ಮಾರ್ಕೆಟ್ಟಿನ ಮಟನ್ ಅಂಗಡಿಗಳ ಹತ್ತಿರ ಹತ್ತಾರು ನಾಯಿಗಳಿದ್ದವು, ಎಲ್ಲವೂ ದಪ್ಪಗೆ. ಒಂದು ಕ್ಷಣ ಆ ಕಡೆ ನೋಡಿದ್ದು ಹೌದು. ಸುಬೇದಾರ ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿದ್ದ. ಎದ್ದು ಭಾಗಮಂಡಲದ ಬಸ್ಸು ಹತ್ತಿದೆ.

ಭಾಗಮಂಡಲದಲ್ಲಿ ಇಳಿದಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿಂದ ಕರಿಕೆಗೆ ಕಾಡಿನ ದಾರಿ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಸಾಮಾನು ತುಂಬಿಕೊಂಡು ಹೊರಟ ಒಂದು ಜೀಪು ಸಿಕ್ಕಿತು. ಹಿಂದೆ ಅಕ್ಕಿಮೂಟೆಗಳ ಮೇಲೆ ನಾವಿಬ್ಬರೂ ಕುಳಿತೆವು. ನಡುದಾರಿಯಲ್ಲಿ ಆನೆಯ ಹಸಿ ಲದ್ದಿ ಬಿದ್ದಿತ್ತು. ಸುಬೇದಾರ ಮೂಗು ಎತ್ತಿದ, ಎದ್ದು ನಿಂತ. ನಾನು ಅವನನ್ನು ತಬ್ಬಿ ಹಿಡಿದೆ. "ಪ್ರೀತಿ ಜಾಸ್ತಿ ಅಲ್ವಾ?" ಎಂದ ಡ್ರೈವರ್ ಕನ್ನಡಿಯಲ್ಲಿ ನೋಡಿ. ಹೌದು ಎಂದೆ. ಹಿಡಿದದ್ದು ಸುಬೇದಾರನ ಬಾಯಿಯನ್ನು.

ಅಕ್ಕನ ಮನೆ ರಸ್ತೆಯಿಂದ ಸ್ವಲ್ಪ ಕೆಳಗೆ, ಎದುರಿಗೆ ಹೊಳೆ, ಆಚೆ ಹುಲ್ಲಿನ ಗುಡ್ಡ. ಮಗ, ಸೊಸೆ ರಬ್ಬರು ನೋಡಿಕೊಳ್ಳುತ್ತಾರೆ. ಹಸುಗಳು ಅಕ್ಕನ ಪಾಲು. ಮನೆಯಲ್ಲಿ ಮಾತು ನಮ್ಮ ಅರೆಭಾಷೆ. ಓದುವವರಿಗೆ ಕಷ್ಟವಾಗದ ಹಾಗೆ ಸ್ವಲ್ಪ ತಿದ್ದಿ ಬರೆಯುತ್ತೇನೆ. ಅಕ್ಕ ಅಂಗಳದ ತುದಿಯಲ್ಲಿ ನಿಂತು ಹೊಳೆಯ ಆಚೆಗೆ, "ಗೌರೀ, ಬಾ ಗೌರೀ" ಎಂದು ಕೂಗುತ್ತಿದ್ದಳು.

"ಎಂಥ ತಮ್ಮಾ, ಕೈಯಲ್ಲಿ ಸಾಮಾನು ಇಲ್ಲೆ, ನಾಯಿ ಉಟ್ಟು?"

"ಆಮೇಲೆ ಹೇಳ್ತೇನೆ. ನೀನು ಯಾರನ್ನು ಕರೆಯುದು?"

"ಆ ಮಹಾರಾಣಿಯನ್ನು." ಗುಡ್ಡದ ಮೇಲೆ ಒಂದು ಕಪ್ಪು ಹಸು, ಹಿಂದೆ ಇನ್ನೆರಡು. "ದಿನಾ ಇದೇ ಪಾಡು. ಸಂಜೆಯಾದ್ರೂ ಮನೆಗೆ ಬರುದಿಲ್ಲೆ. ನಾ ಮಂಡಿನೋವು ಕಟ್ಟಿಕೊಂಡು ಹೊಳೆ ದಾಟಿ ಹೋದ್ರೆ, ಅದು ಇನ್ನೂ ಮೇಲೆ ಹತ್ತುದು. ಕೋಲು ತಕಂಡು ಹೋದ್ರೆ ಹಾಯಿಕೆ ಬರ್ತದೆ. ಹೋದ ತಿಂಗಳು ಚಿರತೆ ಒಂದು ಕರು ಹೊತ್ತುಕೊಂಡು ಹೋತು. ಮಾರಿಬಿಡು ಅಂತ ಮಗ ಹೇಳ್ತಾನೆ. ಹಾಲು ಕೊಡುದು ಅದೊಂದೇ."

ಅವಳ ಕಷ್ಟ ಕೇಳಿದ ಮೇಲೆ ನನ್ನದನ್ನು ಹೇಳಲು ಬಾಯಿ ಬರಲಿಲ್ಲ. ಆದರೂ ಹೇಳಿದೆ. ಅವಳು ನಗಲಿಲ್ಲ. "ಆನೆ ಇಲ್ಲಿಗೂ ಬರ್ತದೆ, ತಮ್ಮಾ," ಎಂದಳು. "ಹಲಸು ಹಣ್ಣಾಗುವ ಕಾಲಕ್ಕೆ."

ಅಲ್ಲಿಗೆ ಕೊಡಗು ಮುಗಿಯಿತು. ಇನ್ನು ಮುಂದೆ ಹೋದರೆ ಕೇರಳ. ನಾನು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕೈಯಲ್ಲಿದ್ದ ಚೈನು ಸಡಿಲವಾದದ್ದು ಯಾವಾಗ ಎಂದು ತಿಳಿಯಲಿಲ್ಲ. ನೋಡುವಾಗ ಸುಬೇದಾರ ಹೊಳೆ ದಾಟಿ ಗುಡ್ಡ ಏರುತ್ತಿದ್ದ. ಕಪ್ಪಗೆ, ದೊಡ್ಡದಾಗಿ ಏನೋ ಕಂಡಿತ್ತು ಅವನಿಗೆ.

ಗೌರಿಯ ಕಾಲಿನ ಹತ್ತಿರ ನಿಂತು ಬೊಗಳಿದ. ಗೌರಿ ತಲೆ ತಗ್ಗಿಸಿತು. ಮುಂದಿನದು ನನಗೆ ಬಾಯಿಪಾಠ, ಅಕ್ಕನನ್ನು ಜಗಲಿಗೆ ತಳ್ಳಿ, "ಒಳಗೆ ಹೋಗು!" ಎಂದೆ. ಸುಬೇದಾರ ಬಾಲ ಮಡಚಿ ಗುಡ್ಡ ಇಳಿದ, ಹೊಳೆ ಹಾರಿದ, ನೇರ ನನ್ನ ಕಡೆಗೆ. ಹಿಂದೆ ಕೊಂಬು ತಗ್ಗಿಸಿಕೊಂಡು ಗೌರಿ. ಗೌರಿ ಓಡಿದರೆ ನಾವೂ ಓಡಬೇಕಲ್ಲ ಎಂದು ಉಳಿದೆರಡು ಹಸುಗಳು. ನಾನು ಹುಲ್ಲುಮೆದೆ ಹತ್ತಿದೆ. ನಾಯಿ ಮೆದೆಯ ಬುಡದಲ್ಲಿ ತೂರಿಕೊಂಡಿತು. ಗೌರಿ ಅಂಗಳದ ನಡುವೆ ಬುಸುಗುಟ್ಟುತ್ತ ನಿಂತು, ಯಾರನ್ನು ಹಾಯಬೇಕೆಂದು ಹುಡುಕಿತು. ಯಾರೂ ಕಾಣದೆ, ಕೊಟ್ಟಿಗೆ ಎದುರಿಗೇ ಇದ್ದದ್ದರಿಂದ, ಅಭ್ಯಾಸಬಲದಿಂದ ಒಳಗೆ ಹೋಯಿತು. ಅಕ್ಕ ಜಗಲಿಯಿಂದ ಇಳಿದು, ಕೊಟ್ಟಿಗೆಯ ಬಾಗಿಲಿಗೆ ಅಡ್ಡಗಂಬ ಹಾಕಿದಳು. ಮಂಡಿನೋವು ಅವಳಿಗೆ ನೆನಪಿದ್ದ ಹಾಗಿರಲಿಲ್ಲ.

ಮೆದೆಯ ಮೇಲಿದ್ದ ನನ್ನನ್ನು ನೋಡಿ ಹೇಳಿದಳು: "ಇದನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ, ತಮ್ಮಾ?"

"ಹಲಸಿನ ಕಾಲಕ್ಕೆ?"

"ಹಲಸಿನ ಕಾಲಕ್ಕೆ ಕಟ್ಟಿ ಹಾಕ್ತೆ. ಅಷ್ಟೇ ಅಲ್ವಾ?"

ನನಗೆ ಕೂಡಲೇ ಒಪ್ಪಿಕೊಳ್ಳಬೇಕೆನಿಸಿತು. ಆದರೆ ಒಂದು ಸಂಶಯ. ನಾಯಿ ಓಡಿ ಬಂದದ್ದು ನನ್ನ ಹತ್ತಿರ. ನಾನು ಹೋದ ಮೇಲೆ ಅದು ಗೌರಿಯನ್ನು ಕೆಣಕಿ, ನನ್ನನ್ನು ಹುಡುಕಿಕೊಂಡು ಸಿದ್ದಾಪುರದ ದಾರಿ ಹಿಡಿದರೆ? ಹಸುಗಳೂ ಹಿಂದೆ ಬಂದರೆ? ಅಕ್ಕನಿಗೂ ಅದೇ ಯೋಚನೆ. "ಹೆದರಿಕೆ ಆದಾಗ ಯಾರ ಹತ್ರ ಓಡ್ತದೋ ಅವರೇ ಅದಕ್ಕೆ ಯಜಮಾನ. ನಾಳೆ ಸಂಜೆವರೆಗೆ ನಿಲ್ಲು. ನೋಡುವ," ಎಂದಳು. ಅಂದು ಸಂಜೆಯಿಂದಲೇ ಅನ್ನ ಹಾಕಿದ್ದು ಅವಳು. ಒಣಮೀನು ಸುಟ್ಟು ಕಲಸಿ ಹಾಕಿದಳು. ನಾನು ಮುಟ್ಟಕೂಡದು, ಕರೆಯಕೂಡದು, ಕಣ್ಣಿಗೆ ಕಣ್ಣು ಕೂಡಿಸಕೂಡದು ಎಂದು ಅಪ್ಪಣೆಯಾಯಿತು. ಭಾನುವಾರ ಇಡೀ ದಿನ ನನ್ನದೇ ನಾಯಿಯ ಎದುರಿಗೆ ಅಪರಿಚಿತನ ಹಾಗೆ ಓಡಾಡಿದೆ. ಅಕ್ಕನ ಮಗನ ಜೊತೆ ರಬ್ಬರಿನ ಬೆಲೆ ಮಾತಾಡಿದೆ, ಒಂದು ಬೇಲಿ ಕಟ್ಟಿದೆ, ಕೊಟ್ಟಿಗೆಯ ಹಂಚು ಸರಿಮಾಡಿದೆ. ಸುಮ್ಮನೆ ಕೂರುವುದು ನನ್ನಿಂದಾಗದು. ಸುಬೇದಾರ ಎರಡು ಸಲ ಬಂದು ನನ್ನ ಕೈ ಮೂಸಿದ. ನಾನು ಮೊಳೆ ಹೊಡೆಯುವುದನ್ನು ನಿಲ್ಲಿಸಲಿಲ್ಲ.

ಸಂಜೆ ಅಕ್ಕ ನನ್ನನ್ನು ಬಚ್ಚಲುಮನೆಯೊಳಗೆ ಕೂರಿಸಿ ಬಾಗಿಲು ಎಳೆದಳು. ಹಂಡೆಯ ಪಕ್ಕದ ಕಿಂಡಿಯಲ್ಲಿ ಅಂಗಳ ಕಾಣುತ್ತಿತ್ತು. ಅಕ್ಕ ಕಟ್ಟೆಯ ಹತ್ತಿರ ನಿಂತು ಚೈನು ಬಿಚ್ಚಿದಳು. "ಹೋಗು ಸುಬೇದಾರಾ, ನಿನ್ನ ಅತ್ತೆಯನ್ನು ಕರ್ಕೊಂಡು ಬಾ."

ಗುಡ್ಡದ ಮೇಲೆ ಬೊಗಳಿದ ಸದ್ದು. ಗೊರಸಿನ ಸದ್ದು. ಸುಬೇದಾರ ಹೊಳೆ ದಾಟಿ 'ಬಂದೆ ಬಂದೆ' ಎನ್ನುವ ಹಾಗೆ ಅಂಗಳಕ್ಕೆ ಬಂದ. ಬಂದು, ನಿಂತ. ನಿನ್ನೆ ನಾನು ಕುಳಿತಿದ್ದ ಕಟ್ಟೆ ನೋಡಿದ. ಹುಲ್ಲುಮೆದೆ ನೋಡಿದ. ನಾನು ಉಸಿರು ಬಿಗಿಹಿಡಿದೆ. ಅವನು ಬಚ್ಚಲಿನ ಕಡೆ ಬಂದರೆ ನನ್ನ ಕಾಫಿ ಗಿಡದಲ್ಲೇ ಉದುರುತ್ತದೆ, ಅವನಿಗೆ ಊರಿನಲ್ಲಿ ಕೋವಿ ಕಾದಿದೆ. ಇಷ್ಟು ಗೊತ್ತಿದ್ದೂ ಆ ಗಳಿಗೆಯಲ್ಲಿ, 'ಬಾ, ಇಲ್ಲಿದ್ದೇನೆ' ಎಂದು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಗೌರಿ ಅಂಗಳಕ್ಕೆ ಕಾಲಿಟ್ಟಿತು. ಸುಬೇದಾರ ತಿರುಗಿದ, ಎರಡೇ ನೆಗೆತಕ್ಕೆ ಅಕ್ಕನ ಸೀರೆಯ ಹಿಂದೆ ಹೋಗಿ ತಲೆ ತೂರಿಸಿದ.

ಅಕ್ಕ ಅಲುಗಾಡಲಿಲ್ಲ. ಗೌರಿಯ ಮುಖಕ್ಕೆ ಬೆರಳು ತೋರಿಸಿ, "ನಡಿ ಒಳಗೆ," ಎಂದಳು. ಗೌರಿ ನಡೆಯಿತು. ಆನೆಗಳ ಹತ್ತಿರವೂ ಹೀಗೇ ಹೇಳಬೇಕಿತ್ತೋ ಏನೋ, ನಮಗೆ ಹೊಳೆದಿರಲಿಲ್ಲ.

ರುಕ್ಮಿಣಿಗೆ ಫೋನ್ ಮಾಡಿ, "ಪಳನಿಯಮ್ಮನಿಗೆ ಚೀಲ ಬಿಚ್ಚಲು ಹೇಳು" ಎಂದೆ. "ನಿಜವಾಗ್ಲೂ ಕೊಟ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ಊಟ ಮಾಡಿತಾ ಅದು?" ಎಂದಳು.

ಸೋಮವಾರ ಬೆಳಗ್ಗೆ ಹೊರಟೆ. ನಾಯಿಯನ್ನು ಬಿಟ್ಟಿ ಕೊಡಬಾರದು, ಬಿಟ್ಟಿ ತೆಗೆದುಕೊಂಡರೆ ಅದು ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಒಂದು ಮಾತಿದೆ. ಆದ್ದರಿಂದ ಅಕ್ಕ ಒಂದು ಹೇಂಟೆ ಕೋಳಿಯನ್ನು ಕಾಲು ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಬೇಡ ಎಂದೆ. "ಬೇಡ ಅನ್ನಲಿಕ್ಕೆ ನೀ ಯಾರು? ಇದು ನಾಯಿಗೂ ನಂಗೂ ಆದ ವ್ಯವಹಾರ," ಎಂದಳು. ಸುಬೇದಾರ ಬಚ್ಚಲಿನ ಒಲೆಯ ಬೂದಿಯ ಮೇಲೆ ಮಲಗಿದ್ದ. ಹೇಳದೆ ಹೋಗುವುದೇ ಒಳ್ಳೆಯದು, ಎದ್ದರೆ ಹಿಂದೆ ಬರುತ್ತಾನೆ ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟಿದೆ. ರಸ್ತೆಗೆ ಹತ್ತಿ ತಿರುಗಿ ನೋಡಿದರೆ ಅವನು ಎದ್ದು ಅಂಗಳಕ್ಕೆ ಬಂದು ಕುಳಿತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ಹೊಳೆಯ ಆಚೆ, ಗುಡ್ಡದ ಕಡೆ ನೋಡುತ್ತಿದ್ದ. ಮೂರು ವರ್ಷ ಸಾಕಿದ್ದಕ್ಕೆ ಒಂದು ಸಲ ಬೊಗಳಬಹುದಿತ್ತು ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟು ಭಾಗಮಂಡಲದವರೆಗೆ ಇತ್ತು.

ಬಸ್ಸಿನಲ್ಲಿ ಹೇಂಟೆಗೆ ಯಾರೂ ಟಿಕೆಟ್ ಕೇಳಲಿಲ್ಲ. ಮಂಗಳವಾರ ಪಳನಿಯಮ್ಮನ ಗುಂಪು ಬಂತು, ಶುಕ್ರವಾರದೊಳಗೆ ಮೇಲಿನ ಬ್ಲಾಕಿನ ಕೊಯ್ಲು ಮುಗಿಯಿತು. ಆನೆ ಈಗಲೂ ಬರುತ್ತದೆ. ಯಾರೂ ಕರೆಯದೆ, ತಾನಾಗಿಯೇ ಬಂದು ತಾನಾಗಿಯೇ ಹೋಗುತ್ತದೆ.

ಈಗ ನನ್ನ ಹತ್ತಿರ ಇರುವುದು ನಾಲ್ಕು ಎಕರೆ ರೋಬಸ್ಟಾ, ಅದರ ನೆರಳುಮರಗಳಿಗೆ ಹಬ್ಬಿದ ಕರಿಮೆಣಸು, ಒಂದು ಹಳೆಯ ಜೀಪು, ಮೂರು ಏಣಿ, ಒಬ್ಬಳು ಹೆಂಡತಿ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಒಂದು ಹೇಂಟೆ. ನಾಯಿ ಇಲ್ಲ.